ನಲವತ್ತು ವ್ಯಾಟ್ ಎಂದು ಕೆತ್ತಿದ್ದ ತಗಡು

ಪೊನ್ನಂಪೇಟೆಯಿಂದ ಗೋಣಿಕೊಪ್ಪಲಿಗೆ ಬರುವ ದಾರಿಯಲ್ಲಿ, ರಸ್ತೆಗೆ ಕಾಣದಂತೆ ಗುಡ್ಡದ ಹಿಂದೆ ಇದ್ದ ಒಂದು ಕಲ್ಲುಕೋರೆಗೆ ಮೈಕ್ ಸೆಟ್ ಕೂರಿಸಿದವನು ನಾನೇ. ಸೆಟ್ ಸರಿಯಾಗಿದೆಯೆಂದು ಪರೀಕ್ಷಾ ಪತ್ರಕ್ಕೆ ಸಹಿ ಹಾಕಿದವನೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹಲವರ ಮೇಲೆ ಸಿಟ್ಟು ಮಾಡಿಕೊಂಡದ್ದನ್ನು ಬರೆಯಬೇಕು. ಆ ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ. ಅದರಲ್ಲಿ ನನ್ನ ಪಾಲೂ ಇದೆ.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಮಡಿಕೇರಿಯಲ್ಲೇ ಸರಕಾರ, ಅಲ್ಲಿಯೇ ಮಂತ್ರಿಗಳು. ದಕ್ಷಿಣದ ರಸ್ತೆಗಳನ್ನು ಅಗಲ ಮಾಡುವ ಕೆಲಸವನ್ನು ಹೊರಗಿನಿಂದ ಬಂದ ಒಬ್ಬ ಕಂಟ್ರಾಕ್ಟರು ಹಿಡಿದಿದ್ದರು. ಅವರಿಗೆ ಜಲ್ಲಿ ಬೇಕಿತ್ತು, ಜಲ್ಲಿಗಾಗಿ ಈ ಕೋರೆ. ನಾನು ಗೋಣಿಕೊಪ್ಪಲಿನ ಒಂದು ರೇಡಿಯೋ ಅಂಗಡಿಯಲ್ಲಿ ಮೆಕ್ಯಾನಿಕ್. ಎಸ್ಟೇಟ್ ಬಂಗಲೆಗಳ ರೇಡಿಯೋ ರಿಪೇರಿ, ಮದುವೆಗೆ, ಸಭೆಗೆ ಮೈಕ್ ಕಟ್ಟುವುದು ನನ್ನ ಕೆಲಸ.

ಕೋರೆಯಲ್ಲಿ ದಿನಕ್ಕೆ ಎರಡು ಸಲ, ಹನ್ನೊಂದಕ್ಕೆ ಮತ್ತು ನಾಲ್ಕಕ್ಕೆ, ಬಂಡೆಗೆ ಕೊರೆದ ಕುಳಿಗಳಲ್ಲಿ ಮದ್ದು ತುಂಬಿ ಸಿಡಿಸುತ್ತಿದ್ದರು. ಮೈಕ್ ಬರುವ ಮೊದಲು ಅದಕ್ಕೊಂದು ಕ್ರಮವಿತ್ತು. ಮೂವರು ಆಳುಗಳು ಕೆಂಪು ಬಾವುಟ ಹಿಡಿದು ಮೂರು ದಿಕ್ಕಿಗೆ ನಡೆದು ಹೋಗುತ್ತಿದ್ದರು. ಜಲ್ಲಿ ಒಡೆಯುತ್ತಿದ್ದ ಹೆಂಗಸರನ್ನು ಎಬ್ಬಿಸಿ, ಎಲ್ಲರೂ ಸರಿದದ್ದನ್ನು ಕಣ್ಣಾರೆ ನೋಡಿ, ಅಲ್ಲಿಂದಲೇ ಒಂದೊಂದು ಕೂಗು ಹಾಕುತ್ತಿದ್ದರು. ಮೂರು ಕೂಗೂ ಬಂದ ಮೇಲೆ ಬತ್ತಿಗೆ ಬೆಂಕಿ. ಇಷ್ಟಕ್ಕೆ ಪ್ರತಿ ಸಲವೂ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಕಂಟ್ರಾಕ್ಟರ ಎಂಜಿನಿಯರಿಗೆ ಆ ಇಪ್ಪತ್ತು ನಿಮಿಷ ಸಹಿಸಲಾಗಲಿಲ್ಲ. ನಲವತ್ತು ವ್ಯಾಟಿನ ಮೈಕ್ ಸೆಟ್ ತಂದರೆ ಅರ್ಧ ಮೈಲಿಗೆ ಕೇಳುತ್ತದೆ, ಒಬ್ಬನೇ ಒಂದು ಕಡೆ ಕುಳಿತು ಹೇಳಿದರೆ ಸಾಕು ಎಂದು ಅವರಿಗೆ ಯಾರೋ ಹೇಳಿದ್ದರು. ಹೇಳಿದವರು ನಮ್ಮ ಅಂಗಡಿಯ ಯಜಮಾನರೇ ಎಂದು ನನಗೆ ಆಮೇಲೆ ಗೊತ್ತಾಯಿತು.

ಸೆಟ್ ಮದರಾಸಿನ ಕಡೆಯಿಂದ ಬಂತು. ಹನ್ನೆರಡು ವೋಲ್ಟಿನ ಕಾರ್ ಬ್ಯಾಟರಿಯಿಂದ ನಡೆಯುವಂಥದ್ದು. ಹಸಿರು ಬಣ್ಣದ ಪೆಟ್ಟಿಗೆ, ಎದುರಿಗೆ ಮೂರು ಗುಂಡಿ, ಬೆನ್ನಿಗೆ ತಿರುಪು ಹಾಕಿ ಕೂರಿಸಿದ ಹಿತ್ತಾಳೆಯ ತಗಡು. ತಗಡಿನ ಮೇಲೆ ಚಂದವಾಗಿ ಕೆತ್ತಿದ್ದರು: ಔಟ್‌ಪುಟ್ ನಲವತ್ತು ವ್ಯಾಟ್. ಅಂಗಡಿಯಲ್ಲಿ ಹಚ್ಚಿ ನೋಡಿದಾಗ ಕಪಾಟಿನ ಗಾಜು ನಡುಗಿತು. ಎದುರಿನ ಕಾಫಿ ವ್ಯಾಪಾರಿ ಹೊರಗೆ ಬಂದು ಕಿವಿ ಮುಚ್ಚಿಕೊಂಡ. ಯಜಮಾನರಿಗೆ ಖುಷಿಯೋ ಖುಷಿ. ಹತ್ತಡಿ ಕೋಣೆಯೊಳಗೆ ನಾಲ್ಕು ವ್ಯಾಟೂ ಹಾಗೆಯೇ ಕೇಳುತ್ತದೆ. ನಲವತ್ತಿರುವಲ್ಲಿ ಇಪ್ಪತ್ತು ಕೊಟ್ಟರೂ ಎದುರಿಗೆ ನಿಂತವನ ಕಿವಿಗೆ ಹೆಚ್ಚು ವ್ಯತ್ಯಾಸ ಗೊತ್ತಾಗುವುದಿಲ್ಲ. ಇದು ನನಗೆ ತಿಳಿಯದ ವಿಷಯವಲ್ಲ. ಯುದ್ಧದ ಕಾಲದಲ್ಲಿ ನಾನಿದ್ದ ಸೈನ್ಯದ ಸಿಗ್ನಲ್ಸ್ ವರ್ಕ್‌ಶಾಪಿನಲ್ಲಿ ಯಾವ ಯಂತ್ರವನ್ನೂ ಅಳೆಯದೆ ಹೊರಗೆ ಬಿಡುತ್ತಿರಲಿಲ್ಲ. ಬಿಟ್ಟರೆ ಹವಾಲ್ದಾರ ಚರ್ಮ ಸುಲಿಯುತ್ತಿದ್ದ. ಇಲ್ಲಿ ಸುಲಿಯುವವರು ಯಾರೂ ಇರಲಿಲ್ಲ.

ಕೋರೆಯ ಬಾಯಿಯ ಹತ್ತಿರ ಒಂದು ಹುಲ್ಲಿನ ಗುಡಿಸಲಿನಲ್ಲಿ ಸೆಟ್ ಇಟ್ಟೆ. ಇನ್ನೂರು ಅಡಿ ಆಚೆ ಒಂದು ಕಂಬ ನೆಟ್ಟು ಅದರ ತುದಿಗೆ ಧ್ವನಿ ಹೊರಡುವ ಹಾರ್ನ್ ಕಟ್ಟಿದೆ. ನಡುವೆ ಎಳೆಯಲು ದಪ್ಪ ತಂತಿ ಕೇಳಿದ್ದೆ, ಅಂಗಡಿಯಲ್ಲಿ ಇದ್ದದ್ದು ಕರೆಗಂಟೆಯ ತೆಳ್ಳಗಿನ ತಂತಿ. ಅದನ್ನೇ ಎಳೆದೆ. ಧ್ವನಿ ಏರಿಸುವ ಗುಂಡಿಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಹಾಕಿ, ಇಷ್ಟಕ್ಕೆ ತಿರುಗಿಸಿಡಿ, ಇದಕ್ಕಿಂತ ಮೇಲೆ ಹೋದರೆ ಹಾರ್ನ್ ಕಿರುಚುತ್ತದೆ ಎಂದು ಹೇಳಿಕೊಟ್ಟೆ.

ಹೇಳಿಕೊಟ್ಟದ್ದು ಹಿಂದೆ ಬಾವುಟ ಹಿಡಿಯುತ್ತಿದ್ದ ಮೂವರಲ್ಲಿ ಹಿರಿಯನಿಗೆ. ಐವತ್ತರ ಹತ್ತಿರದ ವಯಸ್ಸು, ಭಾಗಮಂಡಲದ ಕಡೆಯವನು. ನನ್ನ ಮನೆಯಂತೆ ಅವನ ಮನೆಯಲ್ಲೂ ಅರೆಭಾಷೆ. ಅದರ ಜೊತೆಗೆ ಕೊಡವ ಭಾಷೆ, ಮಲಯಾಳ, ತಮಿಳು ಎಲ್ಲ ಬರುತ್ತಿದ್ದುದರಿಂದ ಅವನನ್ನೇ ಮೈಕಿಗೆ ಉಳಿಸಿಕೊಂಡರು. ಉಳಿದಿಬ್ಬರನ್ನು ಕಲ್ಲು ಹೊರಲು ಹಾಕಿದರು. ಮೈಕಿನಾತ ಕನ್ನಡದಲ್ಲಿ, ತಮಿಳಿನಲ್ಲಿ, ಮಲಯಾಳದಲ್ಲಿ ಒಂದೊಂದು ಸಲ ಎಚ್ಚರಿಕೆ ಹೇಳುತ್ತಿದ್ದ. ಅವನು ಹೇಳುವಾಗ ನಾನು ಕೋರೆಯ ಬಾಯಿಯಲ್ಲಿ, ಹಾರ್ನಿನಿಂದ ನೂರು ಹೆಜ್ಜೆ ದೂರ ನಿಂತು ಕೇಳಿದೆ. ಒಂದೊಂದು ಅಕ್ಷರವೂ ಸ್ಪಷ್ಟ. ಅವತ್ತು ಬಂಡೆ ಕೊರೆಯುವ ಕಂಪ್ರೆಸರ್ ಯಂತ್ರ ಕೆಟ್ಟು ನಿಂತಿತ್ತು. ಬ್ಯಾಟರಿ ಆಗಷ್ಟೇ ಚಾರ್ಜಾಗಿ ಬಂದಿತ್ತು.

ಎಂಜಿನಿಯರು ಟೈಪ್ ಮಾಡಿಸಿದ ಹಾಳೆಯೊಂದನ್ನು ಮುಂದಿಟ್ಟರು. ಔಟ್‌ಪುಟ್ ಎಷ್ಟು, ಎಷ್ಟು ದೂರ ಕೇಳುತ್ತದೆ ಎಂದು ಎರಡು ಖಾಲಿ ಜಾಗ. ತಗಡು ನೋಡಿ ಒಂದರಲ್ಲಿ ನಲವತ್ತು ವ್ಯಾಟ್ ಎಂದು ಬರೆದೆ. ಯಜಮಾನರು ಹೇಳಿದ್ದನ್ನು ನೆನೆದು ಇನ್ನೊಂದರಲ್ಲಿ ಅರ್ಧ ಮೈಲು ಎಂದು ಬರೆದೆ. ಐದೂವರೆಯ ಬಸ್ಸು ಹಿಡಿಯಬೇಕಿತ್ತು, ಸಹಿ ಹಾಕಿ ಹೊರಟೆ.

ತಿಂಗಳು ತುಂಬಿರಲಿಲ್ಲ, ಸುದ್ದಿ ಬಂತು. ಗುಡ್ಡದ ಕೆಳಗಿನ ತಿರುವಿನಲ್ಲಿ ಜಲ್ಲಿ ಒಡೆಯುತ್ತಿದ್ದ ಒಬ್ಬ ಹೆಂಗಸಿನ ಕಾಲ ಮೇಲೆ ಸಿಡಿದ ಕಲ್ಲು ಬಿದ್ದಿತ್ತು. ಕೊಣನೂರಿನ ಕಡೆಯಿಂದ ಗಂಡನ ಜೊತೆ ಕೆಲಸಕ್ಕೆ ಬಂದವಳು. ಲಾರಿಯಲ್ಲಿ ಮಡಿಕೇರಿ ಆಸ್ಪತ್ರೆಗೆ ಸಾಗಿಸಿದರು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಎರಡು ದಿನ ಬಿಟ್ಟು ಸೆಟ್ ಅಂಗಡಿಗೆ ಬಂತು, ಜೊತೆಗೆ ಎಂಜಿನಿಯರ ಚೀಟಿ. ಅಪಘಾತದ ನಂತರ ನೋಡಿದಾಗ ಧ್ವನಿಯ ಗುಂಡಿ ಗೆರೆಗಿಂತ ಬಹಳ ಕೆಳಗಿತ್ತು, ಬ್ಯಾಟರಿ ಉಳಿಸಲೆಂದೋ ಕುಡಿದ ಮತ್ತಿನಲ್ಲೋ ಮೈಕಿನಾತ ಅದನ್ನು ಇಳಿಸಿದ್ದಾನೆ, ಅವನನ್ನು ತೆಗೆದಿದ್ದೇವೆ, ಪೋಲೀಸಿಗೂ ಕೊಡುತ್ತೇವೆ, ಸೆಟ್ಟಿನಲ್ಲಿ ದೋಷವಿಲ್ಲವೆಂದು ಅಂಗಡಿಯವರು ಎರಡು ಸಾಲು ಬರೆದುಕೊಡಬೇಕು ಎಂದಿತ್ತು.

ಚೀಟಿಯ ಹಿಂದೆಯೇ ಮೈಕಿನಾತನೂ ಬಂದ. ನಡೆದೇ ಬಂದಿದ್ದ. ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ನಾನೇ ಹೊರಗೆ ಹೋದೆ. ಅಲ್ಲಿಯವರೆಗೆ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದವನು ಅವತ್ತು ಮನೆಮಾತಿಗೆ ಇಳಿದ.

“ನೀವು ಗೆರೆ ಎಳ್ದಲ್ಲೇ ಗುಂಡಿ ಇತ್ತ್. ನಾ ಕುಡ್ದಿಲ್ಲೆ. ಮಲಗಿಲ್ಲೆ. ಮೂರ್ ಸಲ ಹೇಳಿಯೊಳೆ. ನಿಮಿಗೆ ಗೊತ್ತುಟ್ಟಲ್ಲ?”

ಗೊತ್ತುಂಟು ಎಂದು ನಾನು ಹೇಳಲಾರದೆ ಹೋದೆ, ಯಾಕೆಂದರೆ ನನಗೆ ಗೊತ್ತಿರಲಿಲ್ಲ. ಅವನನ್ನು ನಂಬಿದೆ, ಅಷ್ಟೆ. ಒಂದು ಭಾನುವಾರದವರೆಗೆ ಸಮಯ ಕೊಡಿ ಎಂದೆ. ಅವನು ಬಂದ ದಾರಿಯಲ್ಲೇ ಹೊರಟುಹೋದ.

ಭಾನುವಾರ ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೆಟ್ಟಿನ ಮುಚ್ಚಳ ತೆಗೆದೆ. ನಲವತ್ತು ವ್ಯಾಟ್ ಕೊಡುವ ಸೆಟ್ಟಿಗೆ ಬೇಕಾದ, ಧ್ವನಿಯನ್ನು ಹಿಗ್ಗಿಸುವ ದೊಡ್ಡ ಗಾಜಿನ ವಾಲ್ವುಗಳು ಅಲ್ಲಿರಲಿಲ್ಲ. ಮನೆಯ ರೇಡಿಯೋದಲ್ಲಿ ಹಾಕುವ ಸಣ್ಣ ವಾಲ್ವುಗಳು ಜೋಡಿಯಾಗಿ ಕುಳಿತಿದ್ದವು. ಎಂಥ ಉಪಾಯ ಮಾಡಿದರೂ ಆ ಜೋಡಿ ಹತ್ತು ಹದಿನಾಲ್ಕು ವ್ಯಾಟ್ ಮೀರುವಂತಿರಲಿಲ್ಲ. ಕೂರಿಸುವ ದಿನ ಈ ನಾಲ್ಕು ತಿರುಪು ಬಿಚ್ಚಿದ್ದರೆ ಆಗಲೇ ಕಾಣುತ್ತಿತ್ತು. ನಾನು ಬಿಚ್ಚಿರಲಿಲ್ಲ.

ಕಣ್ಣಿಗೆ ಕಂಡದ್ದು ಕಾಗದಕ್ಕೆ ಸಾಲದು, ಅಳೆಯಬೇಕು. ಅಳೆಯುವ ರೀತಿ ಸರಳ. ಹಾರ್ನ್ ಕಳಚಿ, ಅದರ ಜಾಗದಲ್ಲಿ ಅಷ್ಟೇ ತಡೆಯ, ಅಂದರೆ ಹದಿನೈದು ಓಮಿನ, ಒಂದು ತಂತಿಯನ್ನು ಹಾಕಬೇಕು. ಒಳಗೆ ಒಂದೇ ಸ್ಥಾಯಿಯ ಶಿಳ್ಳೆಯಂಥ ನಾದ ಕೊಡಬೇಕು. ತಂತಿಯ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಬರುತ್ತದೆಂದು ಮೀಟರಿನಲ್ಲಿ ನೋಡಬೇಕು. ವೋಲ್ಟನ್ನು ಅದರಿಂದಲೇ ಗುಣಿಸಿ ಹದಿನೈದರಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ನಲವತ್ತು ವ್ಯಾಟ್ ನಿಜವಾದರೆ ಮೀಟರಿನ ಮುಳ್ಳು ಇಪ್ಪತ್ತನಾಲ್ಕೂವರೆಯ ಹತ್ತಿರ ನಿಲ್ಲಬೇಕು.

ಹದಿನೈದು ಓಮಿನ ತಂತಿ ನನ್ನ ಹತ್ತಿರ ಇರಲಿಲ್ಲ. ಕಾರಿನ ದೀಪದ ಬಲ್ಬುಗಳನ್ನು ಜೋಡಿಸಿ ಕೆಲಸ ಸಾಗಿಸಲು ನೋಡಿದೆ. ಬಲ್ಬು ಬಿಸಿಯಾದಂತೆ ಅದರ ತಡೆ ಏರುತ್ತದೆ. ಐದು ನಿಮಿಷಕ್ಕೊಂದು ಲೆಕ್ಕ ಬಂತು. ಅರ್ಧ ದಿನ ಹಾಳಾಯಿತು. ಕೊನೆಗೆ ಅಮ್ಮತ್ತಿಯ ಹತ್ತಿರದ ಒಂದು ಎಸ್ಟೇಟಿಗೆ ಸೈಕಲ್ ತುಳಿದೆ. ಅಲ್ಲಿ ಲೆಕ್ಕ ಬರೆಯುವ ರೈಟರು ನನಗೆ ಪರಿಚಯ. ಬಂಗಲೆಯ ಸುಟ್ಟುಹೋದ ಎಲೆಕ್ಟ್ರಿಕ್ ಒಲೆಯೊಂದನ್ನು ಕೇಳಿ ತಂದು, ಅದರ ಸುರುಳಿ ತಂತಿಯಿಂದ ಬೇಕಾದಷ್ಟನ್ನು ಅಳೆದು ಕತ್ತರಿಸಿ ಹೆಂಚಿನ ಚೂರಿಗೆ ಸುತ್ತಿದೆ. ಅದು ಬಿಸಿಯಾದರೂ ಹೆಚ್ಚು ಬದಲಾಗುವುದಿಲ್ಲ. ಮರುದಿನ ಅಂಗಡಿ ತೆರೆಯುವ ಮೊದಲೇ ಮತ್ತೆ ಕೂತೆ.

ನಾದವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೆಡ್‌ಫೋನಿನಲ್ಲಿ ಕೇಳಿದೆ. ಹನ್ನೆರಡೂವರೆ ವೋಲ್ಟಿನವರೆಗೆ ಶಿಳ್ಳೆ ಶಿಳ್ಳೆಯಾಗಿಯೇ ಇತ್ತು. ಅದರಾಚೆ ಒರಟಾಗತೊಡಗಿತು, ಒಡಕು ಕೊಳಲಿನ ಹಾಗೆ. ಹನ್ನೆರಡೂವರೆ ಎಂದರೆ ಹತ್ತು ವ್ಯಾಟ್ ಚಿಲ್ಲರೆ. ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಹೆಡ್‌ಫೋನಿನಲ್ಲಿ ಗರಗಸ ಎಳೆದಂತೆ ಸದ್ದು, ಮುಳ್ಳು ಹದಿನೇಳು ದಾಟಿ ನಿಂತಿತು. ಇಪ್ಪತ್ತು ವ್ಯಾಟ್. ಅದರಲ್ಲಿ ಮಾತೇ ಉಳಿಯುವುದಿಲ್ಲ. ವ್ಯಂಜನಗಳೆಲ್ಲ ಕರಗಿ ಬರೀ ಗೊರಗೊರ ಕೇಳುತ್ತದೆ. ಹಾಗಾದರೆ ನಲವತ್ತು ಎಲ್ಲಿಂದ ಬಂತು? ಪೆನ್ಸಿಲು ಹಿಡಿದು ಕುಳಿತೆ. ಅಲೆಯ ತುತ್ತತುದಿಯನ್ನು, ಕ್ಷಣದ ಒಂದು ಚೂರು ಮಾತ್ರ ಇರುವ ಆ ಎತ್ತರವನ್ನು, ಲೆಕ್ಕಕ್ಕೆ ಹಿಡಿದರೆ ಇಪ್ಪತ್ತರ ಎರಡರಷ್ಟು ಬರುತ್ತದೆ. ಗೊರಗೊರದ ಇಪ್ಪತ್ತನ್ನು ದುಪ್ಪಟ್ಟು ಮಾಡಿ ಹಿತ್ತಾಳೆಯಲ್ಲಿ ಕೆತ್ತಿದ್ದರು.

ಅಲ್ಲಿಗೂ ಮುಗಿಯಲಿಲ್ಲ. ಕೋರೆಯ ಬ್ಯಾಟರಿ ವಾರಕ್ಕೊಮ್ಮೆ ಚಾರ್ಜಿಗೆ ಬರುತ್ತಿತ್ತು. ಆರನೆಯ ದಿನದ ಬ್ಯಾಟರಿ ಎಷ್ಟು ಸೋತಿರುತ್ತದೋ ಅಷ್ಟು ಸೋತ ಬ್ಯಾಟರಿ ಹಾಕಿ ನೋಡಿದೆ. ಶುದ್ಧ ನಾದ ಹತ್ತು ವೋಲ್ಟಿಗೇ ಒಡೆಯಿತು, ಅಂದರೆ ಏಳು ವ್ಯಾಟಿಗೂ ಕಡಿಮೆ. ನಾನು ಎಳೆದಿದ್ದ ಕರೆಗಂಟೆಯ ತಂತಿಯ ತಡೆ ಐದು ಓಮ್. ನಾಲ್ಕರಲ್ಲಿ ಒಂದು ಪಾಲನ್ನು ಅದೇ ತಿಂದುಹಾಕುತ್ತಿತ್ತು. ಹಾರ್ನಿಗೆ ತಲುಪುತ್ತಿದ್ದುದು ಐದು ವ್ಯಾಟ್. ಎದುರಿಗೆ ಕಂಪ್ರೆಸರ್, ನಡುವೆ ಗುಡ್ಡದ ಭುಜ.

ಹಾಳೆಯ ಮೇಲೆ ಐದು ಎಂದು ಬರೆದು ಅದರಡಿಗೆ ಗೆರೆ ಎಳೆದೆ. ಮದುವೆಮನೆಯ ಮೈಕಿನಲ್ಲಿ ಯಾರಾದರೂ ಇಂಥ ಸುಳ್ಳು ಕೆತ್ತಿದ್ದರೆ ನಕ್ಕು ಬಿಡುತ್ತಿದ್ದೆನೇನೋ. ಜನರ ಪ್ರಾಣ ಕಾಯಲೆಂದು ಕೊಂಡ ಸೆಟ್ಟಿನಲ್ಲಿ ಅದೇ ಸುಳ್ಳು, ಅದೇ ಚಂದದ ಅಕ್ಷರ.

ಯಜಮಾನರು ಬಂದ ಮೇಲೆ ಎಲ್ಲವನ್ನೂ ತೋರಿಸಿದೆ. ಅವರು ಕೆಟ್ಟವರಲ್ಲ. ನಾನು ಸೈನ್ಯದಿಂದ ಬಂದು ಕೆಲಸವಿಲ್ಲದೆ ಅಲೆಯುತ್ತಿದ್ದಾಗ ನನ್ನನ್ನು ಕರೆದು ಕೂರಿಸಿಕೊಂಡವರು. ಸಮಾಧಾನದಿಂದಲೇ ಕೇಳಿಸಿಕೊಂಡರು.

“ನೋಡು, ಎಲ್ಲ ಕಂಪನಿಯವರೂ ಹೀಗೇ ಬರೆಯೋದು. ನಾವು ಮಾಡಿದ ಸೆಟ್ಟಾ ಅದು?” ಎಂದರು. “ಸೆಟ್ ಓಡ್ತಾ ಉಂಟು ಅಲ್ಲಾ? ಓಡ್ತಾ ಉಂಟು ಅಂತ ಬರೆದುಕೊಡು, ಮುಗೀತದೆ.”

ಓಡುತ್ತಿರುವುದು ನಿಜವೇ. ಆ ಮಾತಿನಲ್ಲಿ ಸುಳ್ಳು ಹುಡುಕಲಾಗುವುದಿಲ್ಲ, ಅದಕ್ಕೇ ನನಗೆ ಇನ್ನಷ್ಟು ರೇಗಿತು. ಬರೆಯುವುದಿಲ್ಲ ಎಂದೆ. ಅವರು ಮುಖ ತಿರುಗಿಸಿಕೊಂಡರು.

ಅದೇ ವಾರ ಸೆಟ್ ಮಾರಿದ ಕಂಪನಿಯ ಏಜೆಂಟು ಬಂದ. ತಿಂಗಳಿಗೊಮ್ಮೆ ಮೈಸೂರಿನಿಂದ ಬರುತ್ತಿದ್ದವನು. ಒಳ್ಳೆಯ ಬಟ್ಟೆ, ನಗುಮುಖ. ನನ್ನ ಹಾಳೆಯನ್ನು ಓದಿ, ಅಳತೆಯೆಲ್ಲ ಸರಿಯಾಗಿದೆ ಎಂದು ಒಪ್ಪಿಕೊಂಡುಬಿಟ್ಟ. ವಾದ ಮಾಡುತ್ತಾನೆಂದು ನಾನು ಸಿದ್ಧನಾಗಿದ್ದೆ. ನಲವತ್ತು ಎಂದರೆ ಪೀಕ್, ಅಂದರೆ ಅಲೆಯ ತುದಿಯ ಲೆಕ್ಕ, ಗಿರಾಕಿಗಳಿಗೆ ದೊಡ್ಡ ನಂಬರೇ ಬೇಕು, ಹತ್ತು ಎಂದು ಬರೆದರೆ ಪಕ್ಕದ ಕಂಪನಿಯದನ್ನು ಕೊಳ್ಳುತ್ತಾರೆ, ಅವರದ್ದೂ ಹತ್ತೇ ಎಂದ. ಹಾಗಾದರೆ ತಗಡಿನ ಮೇಲೆ ಪೀಕ್ ಎಂದೂ ಕೆತ್ತಬೇಕಿತ್ತಲ್ಲ ಎಂದೆ. ಜಾಗ ಸಾಲುವುದಿಲ್ಲ ಎಂದು ನಕ್ಕ.

ನಾನು ಎದ್ದು ನಿಂತೆ. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಅವನು ಹಿಂದಕ್ಕೆ ಸರಿದ. ಯಜಮಾನರು ನಡುವೆ ಬಂದು ನನ್ನ ಭುಜ ಹಿಡಿದು ಕೂರಿಸಿದರು. ಹೊಡೆಯುವ ಉದ್ದೇಶ ನನಗಿತ್ತೇ ಎಂದು ಕೇಳಿದರೆ ಇವತ್ತಿಗೂ ಇಲ್ಲವೆಂದು ಆಣೆ ಮಾಡಲಾರೆ. ಅವನ ನಗು ಮಾತ್ರ ಆಮೇಲೆ ಇರಲಿಲ್ಲ.

ಮರುದಿನ ಹಾಳೆಯನ್ನು ಹಿಡಿದು ಕೋರೆಗೆ ಹೋದೆ. ಎಂಜಿನಿಯರು ನಿಂತುಕೊಂಡೇ ಓದಿದರು. ಇದೇ ಸೆಟ್ಟನ್ನು ಇದೇ ಗುಡಿಸಲಿನಲ್ಲಿ ಇಡೋಣ, ಕಂಪ್ರೆಸರ್ ಓಡಲಿ, ಕೆಳಗಿನ ತಿರುವಿನಲ್ಲಿ ನಿಂತು ನೀವೇ ಕೇಳಿ ಎಂದೆ. ಅವರು ತಮ್ಮ ಕೈಚೀಲದಿಂದ ಇನ್ನೊಂದು ಹಾಳೆ ತೆಗೆದು ನನ್ನ ಹಾಳೆಯ ಪಕ್ಕಕ್ಕೆ ಹಿಡಿದರು. ನನ್ನದೇ ಅಕ್ಷರ, ನನ್ನದೇ ಸಹಿ.

“ಇದರಲ್ಲಿ ನಲವತ್ತು ಅಂತೀರಿ, ಅದರಲ್ಲಿ ಐದು ಅಂತೀರಿ. ಯಾವುದನ್ನು ನಂಬಲಿ?” ಎಂದರು. “ನನಗೆ ಇದು ಸಾಕು.”

ಪರೀಕ್ಷಾ ಪತ್ರವನ್ನು ಮಡಿಚಿ ಒಳಗಿಟ್ಟುಕೊಂಡರು. ಆ ಕಾಗದ ಅವರನ್ನು ಕಾಯುತ್ತಿತ್ತು. ಮೈಕಿನಾತನನ್ನು ಮುಗಿಸುವುದೂ ಅದೇ. ಯಂತ್ರ ಸರಿ ಎಂದು ಮೆಕ್ಯಾನಿಕ್ ಬರೆದಿದ್ದಾನೆ, ಆದ್ದರಿಂದ ತಪ್ಪು ಮನುಷ್ಯನದು.

ವಾಪಸು ನಡೆಯುತ್ತಾ ನನಗೆ ಹೊಳೆದದ್ದು ಇಷ್ಟೆ. ಎಷ್ಟು ಸಲ ಅಳೆದರೂ, ಎಷ್ಟು ಹೊಸ ಹಾಳೆ ಬರೆದರೂ, ಆ ಹಳೆಯ ಹಾಳೆ ಇರುವವರೆಗೆ ಪ್ರಯೋಜನವಿಲ್ಲ. ಅದು ಸುಳ್ಳು ಎಂದು ನಾನೇ ಹೇಳಬೇಕು. ಹೇಳಿದರೆ ನನ್ನ ಮೇಲೆ ಕೇಸು ಬೀಳಬಹುದು, ಕೆಲಸವಂತೂ ಹೋಗುತ್ತದೆ, ಮುಂದೆ ಯಾವ ಎಸ್ಟೇಟೂ ನನ್ನ ಸಹಿಯನ್ನು ನಂಬುವುದಿಲ್ಲ. ಎರಡು ದಿನ ಹಿಂದೆಮುಂದೆ ನೋಡಿದೆ. ಮೂರನೆಯ ದಿನ ರಜೆ ಹಾಕಿ ಮಡಿಕೇರಿಯ ಬಸ್ಸು ಹತ್ತಿದೆ.

ಮದ್ದು ಇಡುವ ಪರವಾನಗಿಗಳನ್ನು ನೋಡುತ್ತಿದ್ದ ಅಧಿಕಾರಿಯ ಕೋಣೆಯ ಹೊರಗೆ ಮಧ್ಯಾಹ್ನದವರೆಗೆ ಕಾದೆ. ಬರೆದು ತಂದದ್ದನ್ನು ಮೇಜಿನ ಮೇಲಿಟ್ಟೆ. ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಪರೀಕ್ಷಾ ಪತ್ರದಲ್ಲಿರುವ ಎರಡು ಅಂಕಿಗಳನ್ನೂ ನಾನು ಅಳೆಯದೆ ಬರೆದೆ. ಒಂದು ತಗಡಿನಿಂದ ನಕಲು, ಇನ್ನೊಂದು ಬಾಯಿಮಾತು. ಈಗ ಅಳೆದದ್ದು ಹೀಗಿದೆ. ಅಷ್ಟೆ.

ಅಧಿಕಾರಿ ವಯಸ್ಸಾದವರು, ಕೊಡವರು, ಮಾತು ಕಡಿಮೆ. ಎರಡು ಸಲ ಓದಿದರು. “ನಿಮ್ಮ ಸಹಿ ಸುಳ್ಳು ಅಂತ ನೀವೇ ಬರೆದಿದ್ದೀರಿ. ಯೋಚನೆ ಮಾಡಿ ಬರೆದಿರಾ?” ಎಂದು ಕೇಳಿದರು. ಹೌದು ಎಂದೆ. ಮೈಕಿನಾತ ನಿಮಗೆ ಸಂಬಂಧವೇ ಎಂದು ಕೇಳಿದರು. ಅಲ್ಲ ಎಂದೆ. ಕಾಗದವನ್ನು ಫೈಲಿಗೆ ಸೇರಿಸಿ, ಸೆಟ್ಟನ್ನು ಮುಟ್ಟದೆ ಇಡಲು ಹೇಳಿ ಕಳಿಸಿದರು.

ಅಂಗಡಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಯಜಮಾನರು ಬಯ್ಯಲಿಲ್ಲ. ನನ್ನ ಉಪಕರಣಗಳನ್ನು ಒಂದು ಚೀಲದಲ್ಲಿ ಹಾಕಿ ಕೌಂಟರಿನ ಮೇಲೆ ಇಟ್ಟಿದ್ದರು.

ಹತ್ತು ದಿನದ ಮೇಲೆ ಪರಿಶೀಲನೆ ನಡೆಯಿತು. ಅಧಿಕಾರಿ ಹೇಳಿದಂತೆ ನಾನೇ ಸೆಟ್ ಕೂರಿಸಿದೆ. ಅದೇ ಗುಡಿಸಲು, ಅದೇ ತಂತಿ, ಆರು ದಿನ ಓಡಿದ ಬ್ಯಾಟರಿ, ಗುಂಡಿ ಕೆಂಪು ಗೆರೆಯ ಮೇಲೆ. ಕುಳಿಗಳಲ್ಲಿ ಮದ್ದಿರಲಿಲ್ಲ, ಕಂಪ್ರೆಸರ್ ಮಾತ್ರ ಓಡುತ್ತಿತ್ತು. ಮೈಕಿನಾತನನ್ನು ಕರೆಸಿದ್ದರು. ಅವನು ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಗುಡಿಸಲಿನಲ್ಲಿ ಅವನ ಪಕ್ಕ ಅಧಿಕಾರಿಯ ಗುಮಾಸ್ತನನ್ನು ಕೂರಿಸಿದರು, ಹೇಳಿದ ಹೊತ್ತನ್ನು ಗಡಿಯಾರ ನೋಡಿ ಬರೆದಿಡಲು.

ಕೆಳಗಿನ ತಿರುವಿಗೆ ನಡೆದವರು ಅಧಿಕಾರಿ, ಎಂಜಿನಿಯರು, ಅವರ ಕೈಕೆಳಗೆ ಕೋರೆಯ ಆಳುಗಳನ್ನು ನೋಡಿಕೊಳ್ಳುತ್ತಿದ್ದ ಓವರ್ಸಿಯರ್ ಮತ್ತು ನಾನು. ಗಾಯವಾದವಳ ಪಕ್ಕದಲ್ಲೇ ಕುಳಿತು ಕಲ್ಲು ಒಡೆಯುತ್ತಿದ್ದ ಅವಳ ಓರಗಿತ್ತಿ ಅಲ್ಲಿ ಮೊದಲೇ ಇದ್ದಳು. ಅಧಿಕಾರಿ ಅವಳನ್ನು ಒಂದು ಪ್ರಶ್ನೆ ಕೇಳಿದರು, ಅದು ನಮ್ಮಲ್ಲಿ ಯಾರಿಗೂ ಹೊಳೆದಿರದ ಪ್ರಶ್ನೆ. ಅಷ್ಟು ದಿನ ಏನೂ ಆಗದೆ ಅವತ್ತೊಂದೇ ದಿನ ಹೀಗೆ ಯಾಕಾಯಿತು? ಅವಳು ಹೇಳಿದ್ದು ಇದು: ದಿನವೂ ಹನ್ನೊಂದಕ್ಕೆ ಮುಂಚೆ ಕಂಪ್ರೆಸರ್ ನಿಲ್ಲುತ್ತಿತ್ತು, ಅದು ನಿಂತರೆ ಇವರು ಏಳುತ್ತಿದ್ದರು. ಅವತ್ತು ಅದನ್ನು ನಿಲ್ಲಿಸದೆ ಹತ್ತೂವರೆಗೇ ಸಿಡಿಸಿದರು. ಕೆಲಸ ಹಿಂದೆ ಬಿದ್ದಿದೆಯೆಂದು ಎಂಜಿನಿಯರು ಅವಸರ ಮಾಡಿದ್ದರು. ಮೈಕು ಇವರಿಗೆ ಒಂದು ದಿನವೂ ಕೇಳಿಸಿರಲೇ ಇಲ್ಲ. ಯಂತ್ರ ನಿಲ್ಲುವ ಮೌನವೇ ಇಷ್ಟು ದಿನ ಇವರ ಪ್ರಾಣ ಉಳಿಸಿತ್ತು.

ಎಂಜಿನಿಯರು ಬೇರೆ ಕಡೆ ನೋಡುತ್ತಾ ನಿಂತಿದ್ದರು.

ನಾವು ಕಾದೆವು. ಅಧಿಕಾರಿ ತಲೆಯನ್ನು ಒಂದು ಬದಿಗೆ ವಾಲಿಸಿ, ಕೈಯನ್ನು ಕಿವಿಯ ಹಿಂದಿಟ್ಟುಕೊಂಡು ನಿಂತರು. ಕಂಪ್ರೆಸರಿನ ಸದ್ದು ಗುಡ್ಡಕ್ಕೆ ಬಡಿದು ಎರಡಾಗಿ ಬರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವರಿಗೆ ಬೇಸರವಾಯಿತು.

“ಅವನು ಯಾವಾಗ ಶುರು ಮಾಡ್ತಾನೆ?” ಎಂದು ನನ್ನನ್ನು ಕೇಳಿದರು.

ನನಗೂ ಗೊತ್ತಾಗಿರಲಿಲ್ಲ. ಉತ್ತರ ಕೊಟ್ಟವಳು ಓರಗಿತ್ತಿ.

“ಆಗ್ಲೇ ಕೂಗಾಯ್ತು ಸ್ವಾಮಿ. ಆಗ ಜೀರುಂಡೆ ಥರ ಒಂದೀಟು ಸದ್ದು ಬಂತಲ್ಲ, ಅದೇಯ. ಇವತ್ತು ಕಿವಿ ಕೊಟ್ಕಂಡು ಕೂತಿದ್ಕೆ ನಂಗೆ ಗೊತ್ತಾಯ್ತು. ಕಲ್ಲು ಕುಟ್ತಾ ಕೂತಿದ್ರೆ ಅದೂ ಇಲ್ಲ.”

ಮೇಲೆ ಹೋಗಿ ನೋಡಿದಾಗ ಗುಮಾಸ್ತ ಮೂರು ಭಾಷೆಯ ಮೂರು ಹೊತ್ತನ್ನೂ ಬರೆದಿಟ್ಟಿದ್ದ. ಮೈಕಿನಾತನ ಕೊರಳಿನ ನರ ಉಬ್ಬಿತ್ತು. ಅಷ್ಟು ಗಟ್ಟಿಯಾಗಿ ಕೂಗಿದ್ದ. ಅಧಿಕಾರಿ ಸೆಟ್ಟಿನ ಎದುರು ನಿಂತು ಓವರ್ಸಿಯರನ್ನು ಕರೆದರು. ಅಪಘಾತದ ನಂತರ ಗುಡಿಸಲಿಗೆ ಮೊದಲು ಬಂದವರು ಯಾರು ಎಂದು ಕೇಳಿದರು. ಓವರ್ಸಿಯರ್ ತಾನೇ ಎಂದ. ಮೈಕಿನಾತ ಕೆಳಗೆ ಓಡಿಹೋಗಿದ್ದ, ಮೈಕು ಹಾರ್ನಿನ ಕಡೆ ಬಾಯಿ ಮಾಡಿ ಹಾಗೇ ಬಿದ್ದಿತ್ತು, ಹಾರ್ನ್ ಒಂದೇ ಸಮನೆ ಕಿರುಚುತ್ತಿತ್ತು, ಸಹಿಸಲಾಗದೆ ಗುಂಡಿಯನ್ನು ಇಳಿಸಿದವನು ತಾನು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಯಾರೂ ಕೇಳಲಿಲ್ಲ ಎಂದ. ಮೈಕಿನಾತ ಅವನ ಕಡೆ ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಇಪ್ಪತ್ತು ದಿನ ಅವನು ಊರಲ್ಲಿ ಕುಡುಕನೆನಿಸಿಕೊಂಡು ತಿರುಗಿದ್ದ.

ಕೋರೆಯ ಪರವಾನಗಿಯನ್ನು ತಡೆಹಿಡಿದರು. ಮೂರು ದಿಕ್ಕಿಗೂ ಬಾವುಟದವರನ್ನು ಇಡುವವರೆಗೆ ಒಂದು ಕುಳಿಗೂ ಮದ್ದು ಹಾಕಕೂಡದು ಎಂದು ಆಜ್ಞೆಯಾಯಿತು. ಮೈಕಿನಾತನ ಮೇಲಿನ ದೂರು ಬಿದ್ದುಹೋಯಿತು. ಅವನನ್ನು ಕೆಲಸಕ್ಕೆ ಮತ್ತೆ ಕರೆದರು, ಅವನು ಹೋಗಲಿಲ್ಲ. ನನಗೆ ಬರಹದಲ್ಲಿ ಒಂದು ಛೀಮಾರಿ ಬಂತು, ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಎಂಜಿನಿಯರನ್ನು ಇನ್ನೊಂದು ಕೆಲಸಕ್ಕೆ ವರ್ಗ ಮಾಡಿದರು. ಸೆಟ್ ಮಾಡಿದವರಿಗೆ ಏನಾಯಿತು ಎಂದು ಕೇಳಿದರೆ, ಏನೂ ಆಗಲಿಲ್ಲ. ನಲವತ್ತು ಎಂದು ಕೆತ್ತಕೂಡದು ಎಂಬ ಕಾನೂನು ಎಲ್ಲಿಯೂ ಇಲ್ಲವೆಂದು ಅಧಿಕಾರಿಯೇ ನನಗೆ ಹೇಳಿದರು. ಹೇಳುವಾಗ ಅವರ ಮುಖವೂ ಕೆಂಪಾಗಿತ್ತು.

ನಾನು ಅಮ್ಮತ್ತಿಯಲ್ಲಿ ಒಂದು ದರ್ಜಿ ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿಕೊಂಡು ರೇಡಿಯೋ ರಿಪೇರಿಗೆ ಕೂತೆ. ಬಂದ ಪ್ರತಿ ಆಂಪ್ಲಿಫೈಯರನ್ನೂ ಅಳೆದು, ಸಿಕ್ಕ ಅಂಕಿಯನ್ನು ಚೀಟಿಯಲ್ಲಿ ಬರೆದು ಒಳಗೆ ಅಂಟಿಸುತ್ತಿದ್ದೆ. ಕೆಲವರು ಅದನ್ನು ನೋಡಿ ನಮ್ಮ ಸೆಟ್ಟನ್ನು ನೀನು ಹಾಳು ಮಾಡಿದೆ ಎಂದು ಜಗಳಕ್ಕೆ ಬಂದರು.

ಕಾಲು ಕಳೆದುಕೊಂಡವಳನ್ನು ನೋಡಲು ಹೋಗುವ ಧೈರ್ಯ ಬರಲು ಎರಡು ತಿಂಗಳು ಹಿಡಿಯಿತು. ಆಸ್ಪತ್ರೆಯಿಂದ ಬಂದು ಕೋರೆಯ ಕೆಳಗಿನ ತಗಡಿನ ಶೆಡ್ಡುಗಳಲ್ಲಿ ಇದ್ದಳು. ನನಗಿಂತ ಚಿಕ್ಕವಳು. ಬಾಗಿಲಲ್ಲಿ ಕೂತು ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದಳು, ಊರುಗೋಲು ಗೋಡೆಗೆ ಒರಗಿತ್ತು. ನಾನು ಯಾರೆಂದು ಹೇಳಿದೆ. ಕೂತ್ಕಳಿ ಎಂದಳು. ಯಂತ್ರದಲ್ಲಿ ಏನಾಗಿತ್ತು ಅಂತ ನಮಗೆ ಯಾರೂ ಬಿಡಿಸಿ ಹೇಳಲಿಲ್ಲ, ನೀವು ಹೇಳಿ ಎಂದಳು. ತಗಡಿನ ಮೇಲೆ ಬರೆದದ್ದು ಎಷ್ಟು, ಒಳಗೆ ಇದ್ದದ್ದು ಎಷ್ಟು, ಬ್ಯಾಟರಿ ಎಷ್ಟು ತಿಂದಿತು, ತಂತಿ ಎಷ್ಟು ತಿಂದಿತು, ಎಲ್ಲವನ್ನೂ ಆದಷ್ಟು ಬಿಡಿಸಿ ಹೇಳಿದೆ. ಅರ್ಧ ಗಂಟೆ ಆಗಿರಬೇಕು. ಅವಳು ಕೈ ನಿಲ್ಲಿಸದೆ ಕೇಳಿದಳು. ನಾನು ಮುಗಿಸಿದ ಮೇಲೆ ಮೊರವನ್ನು ಪಕ್ಕಕ್ಕೆ ಇಟ್ಟಳು.

“ಆ ಲೆಕ್ಕ ಎಲ್ಲಾ ನಂಗೊತ್ತಾಗಕಿಲ್ಲ. ನೀವು ಅದ್ನ ಕೂರಿಸಿದ್ ದಿಸ, ನಾವು ಕೂರೋ ತಾವ್ಕೆ ಬಂದು ಒಂದ್ಸಾರಿ ನಿಂತ್ಕಂಡು ಕೇಳಿರ್ನಿಲ್ವಾ?”

ಕೋರೆಯ ಬಾಯಿಂದ ಆ ತಿರುವಿಗೆ ಏಳು ನಿಮಿಷದ ನಡಿಗೆ. ಪರಿಶೀಲನೆಯ ದಿನ ನಡೆದಾಗ ಗಡಿಯಾರ ನೋಡಿಕೊಂಡಿದ್ದೆ. ಅದಕ್ಕೆ ಮೀಟರು ಬೇಡ, ಒಲೆಯ ತಂತಿ ಬೇಡ, ಗುಣಾಕಾರ ಭಾಗಾಕಾರ ಬೇಡ.

“ಇಲ್ಲಮ್ಮ,” ಎಂದೆ. “ನಿಂತು ಕೇಳಲಿಲ್ಲ.”

ಅವಳು ಬಯ್ಯುತ್ತಾಳೆಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು. ಅವಳು ತಲೆ ಅಲ್ಲಾಡಿಸಿ, ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು ಅಕ್ಕಿಯ ಮೇಲೆ ಬಗ್ಗಿದಳು.